ಕಾನು ಮತ್ತು ಕಿಚ್ಚು

ಕಾಡಿಗೆ ಬಿದ್ದ ಬೆಂಕಿ ದೈವದ ಕೆಲಸವೋ ಮನುಷ್ಯನ ಅಪರಾಧವೋ ಎಂಬ ಪ್ರಶ್ನೆ ಭಾರತದ ಧರ್ಮಚಿಂತನೆಯಲ್ಲಿ ಬಹಳ ಹಳೆಯದು. ಅಗ್ನಿ ಇಲ್ಲಿ ದೇವತೆ. ಋಗ್ವೇದದ ಮೊದಲ ಸೂಕ್ತವೇ ಅವನದು. ಕಾಡೂ ದೈವಗಳಿಲ್ಲದ ಜಾಗವಲ್ಲ; ಚೌಡಿ, ಜಟಕ, ಭೂತಪ್ಪ, ಹುಲಿದೇವರು ಅಲ್ಲಿ ನೆಲೆ ನಿಂತಿದ್ದಾರೆ. ಪೂಜೆ ಪಡೆಯುವ ಒಂದು ಪೂಜೆ ಪಡೆಯುವ ಇನ್ನೊಂದನ್ನು ಸುಡತೊಡಗಿದಾಗ ಧರ್ಮ ಯಾರ ಪರ ನಿಲ್ಲಬೇಕು? ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಇದು ಗ್ರಂಥಗಳೊಳಗೆ ಉಳಿಯುವ ಪ್ರಶ್ನೆಯಲ್ಲ. ಸಿದ್ದಾಪುರ ತಾಲೂಕಿನ ತ್ಯಾಗಲಿ ಮತ್ತು ಅದರ ಸುತ್ತಿನ ಸೀಮೆಯಲ್ಲಿ ತಗ್ಗಿನಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ಸೊಪ್ಪಿನ ಬೆಟ್ಟ, ಅಲ್ಲಲ್ಲಿ ಹುಲ್ಲಿನ ಬ್ಯಾಣ, ಅದಕ್ಕೂ ಆಚೆ ಕಾನು ಎಂಬ ದಟ್ಟ ನಿತ್ಯಹರಿದ್ವರ್ಣ ಕಾಡು, ಹೀಗೆ ನೆಲ ಒಂದಕ್ಕೊಂದು ತಾಗಿಕೊಂಡೇ ಇದೆ. ಮನೆಯೊಳಗಿನ ಹೋಮದ ಅಗ್ನಿ, ಬಚ್ಚಲ ಒಲೆಯ ಬೆಂಕಿ, ಬ್ಯಾಣದಲ್ಲಿ ಹುಲ್ಲಿಗೆ ಹಚ್ಚಿದ ಕಿಚ್ಚು ಇವೆಲ್ಲ ಕಾನಿನ ನೆರೆಯಲ್ಲೇ ಉರಿಯುತ್ತವೆ.

ಅಗ್ನಿಯ ಸ್ವಭಾವವನ್ನು ಎಷ್ಟು ವಿಚಾರಿಸಿದರೂ ಈ ಪ್ರಶ್ನೆ ಬಗೆಹರಿಯುವುದಿಲ್ಲ. ವಿಚಾರಿಸಬೇಕಾದದ್ದು ಕಾಡಿನ ಸ್ವಭಾವವನ್ನು. ಸುಡುವುದು ಎಲ್ಲ ಬೆಂಕಿಗೂ ಸಮಾನ. ಸುಟ್ಟ ಮೇಲೆ ಏನು ಉಳಿಯುತ್ತದೆ, ಏನು ಮರಳಿ ಬರುತ್ತದೆ ಎಂಬುದು ಮಾತ್ರ ಕಾಡಿನಿಂದ ಕಾಡಿಗೆ ಬೇರೆ.

ಒಂದು ತುದಿಯಲ್ಲಿ ಕೆನಡಾ, ಅಲಾಸ್ಕಾ, ಸೈಬೀರಿಯಾಗಳ ಉತ್ತರದ ಸೂಚಿಪರ್ಣಿ ಕಾಡುಗಳಿವೆ. ಭೂಮಿಯ ಅರಣ್ಯಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇವೇ. ಈ ಕಾಡುಗಳು ಬೆಂಕಿಯೊಡನೆ ಸಾವಿರಾರು ವರ್ಷ ಬಾಳಿವೆ. ಜ್ಯಾಕ್ ಪೈನ್ ಮರದ ಕಾಯಿಗಳು ಅಂಟಿನಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಕುಳಿತಿರುತ್ತವೆ. ಕಾಳ್ಗಿಚ್ಚಿನ ಕಾವಿಗೆ ಅಂಟು ಕರಗಿ, ಹಸಿರೆಲ್ಲ ಸುಟ್ಟುಹೋದ ನೆಲದ ಮೇಲೆ ಬೀಜ ಉದುರುತ್ತದೆ. ತಾಯಿಮರ ಸಾಯುತ್ತದೆ, ಮುಂದಿನ ಪೀಳಿಗೆ ಹುಟ್ಟುತ್ತದೆ. ಕಪ್ಪು ಸ್ಪ್ರೂಸ್ ಮರದ್ದೂ ಹೆಚ್ಚುಕಡಿಮೆ ಇದೇ ರೀತಿ. ಅಲ್ಲಿ ಬೆಂಕಿ ಹಚ್ಚುವುದು ಬಹುಮಟ್ಟಿಗೆ ಸಿಡಿಲು. ಸರೋವರದ ತಳದ ಕೆಸರಿನಲ್ಲಿ ಪದರ ಪದರವಾಗಿ ಕುಳಿತ ಇದ್ದಿಲ ಕಣಗಳನ್ನೂ ಬದುಕಿ ಉಳಿದ ಮರಗಳ ವಾರ್ಷಿಕ ಉಂಗುರಗಳಲ್ಲಿ ಕಾಣುವ ಸುಟ್ಟ ಗಾಯಗಳನ್ನೂ ಓದಿ ವಿಜ್ಞಾನಿಗಳು ಆ ಬೆಂಕಿಗಳ ಕಾಲಗಣನೆ ಮಾಡಿದ್ದಾರೆ. ಒಂದೇ ಜಾಗ ಮತ್ತೆ ಉರಿಯಲು ಹಲವು ದಶಕಗಳಿಂದ ಒಂದೆರಡು ಶತಮಾನ ಹಿಡಿಯುವುದು ಅಲ್ಲಿನ ಹಳೆಯ ಕ್ರಮ. ಅಂಥ ಕಾಡಿನ ಬೆಂಕಿಯನ್ನು ಅಪರಾಧ ಎನ್ನಲು ಬರುವುದಿಲ್ಲ. ಅದು ಆ ಕಾಡಿನ ಬದುಕಿನ ಒಂದು ಘಟ್ಟ.

ಇನ್ನೊಂದು ತುದಿಯಲ್ಲಿ ಕಾನು ಇದೆ. ಘಟ್ಟದ ಮೇಲಿನ ಈ ತಾಲೂಕುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರಾಳ ಮಳೆ. ಡಿಸೆಂಬರ್ ಕಳೆದರೆ ಮೇ ತಿಂಗಳವರೆಗೆ ಬಹುತೇಕ ಒಣ ಕಾಲ. ಪಶ್ಚಿಮಘಟ್ಟದಲ್ಲಿ ಉತ್ತರಕ್ಕೆ ಹೋದಷ್ಟೂ ಈ ಒಣ ಕಾಲ ಉದ್ದವಾಗುತ್ತದೆ. ಕೇರಳದಲ್ಲಿ ನಿರಾಳವಾಗಿ ಬೆಳೆಯುವ ಹಲವು ನಿತ್ಯಹರಿದ್ವರ್ಣ ಮರಗಳಿಗೆ ಉತ್ತರ ಕನ್ನಡವೇ ಕೊನೆಯ ನೆಲೆ. ಹೊನ್ನಾವರ ತಾಲೂಕಿನ ಕರಿಕಾನ ಪರಮೇಶ್ವರಿಯ ಗುಡ್ಡದಲ್ಲಿ ದೇವಿಯ ಆಶ್ರಯದಲ್ಲಿ ಉಳಿದಿರುವ ಡಿಪ್ಟೆರೊಕಾರ್ಪಸ್ ಮರಗಳು ಅಂಥವು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೇರುಗಳನ್ನು ನೀರಿನಿಂದ ಮೇಲಕ್ಕೆತ್ತಿ ನಿಂತಿರುವ ಜೌಗು ಇದೆ. 2000ದಲ್ಲಿ ಅಲ್ಲಿಂದ ವಿವರಿಸಲಾದ ಹೊಸ ಮರವೊಂದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಆ ಕಾನಿನ ಹೆಸರನ್ನೇ ಇಟ್ಟಿದ್ದಾರೆ. ಸಿಂಗಳೀಕಗಳೂ ಈ ಸೀಮೆಯ ಕಾಡುಗಳಲ್ಲಿವೆ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾದದ್ದು ಅವುಗಳಿಗಾಗಿ.

ಇಷ್ಟು ಉದ್ದದ ಒಣಗಾಲವಿದ್ದೂ ಕಾನು ಹಸಿಯಾಗಿ ಇರುವುದು ತನ್ನದೇ ನೆರಳಿನಿಂದ. ಮೇಲೆ ಎಲೆ ಕೂಡಿಕೊಂಡಿರುವುದರಿಂದ ಬಿಸಿಲು ನೆಲ ಮುಟ್ಟುವುದಿಲ್ಲ, ಉದುರಿದ ಎಲೆ ಬೇಗ ಕೊಳೆಯುತ್ತದೆ, ಮಣ್ಣು ನೀರು ಹಿಡಿದಿಡುತ್ತದೆ. ಈ ಮರಗಳು ಬೆಂಕಿಯನ್ನು ಕಂಡೇ ಇಲ್ಲ ಎಂಬಂತೆ ಬೆಳೆದವು. ಅವುಗಳ ತೊಗಟೆ ತೆಳು. ಎಲೆಯುದುರುವ ಕಾಡಿನ ಮತ್ತಿ, ಹೊನ್ನೆ, ಕವಲು ಮರಗಳಿಗೆ ದಪ್ಪ ತೊಗಟೆಯಿದೆ. ಸುತ್ತ ಹುಲ್ಲು ಉರಿದರೂ ಒಳಗಿನ ಜೀವಪದರ ಉಳಿದು ಮಳೆಗೆ ಮತ್ತೆ ಚಿಗುರುತ್ತದೆ. ಕಾನಿನ ಮರಕ್ಕೆ ಮೊಣಕಾಲೆತ್ತರದ, ನಿಧಾನವಾಗಿ ತೆವಳುವ ಬೆಂಕಿಯೇ ಸಾಕು. ಅಂದು ಏನೂ ಆಗದಂತೆ ನಿಂತ ಮರ ಒಂದೆರಡು ವರ್ಷದಲ್ಲಿ ಒಣಗಿ ಬೀಳುತ್ತದೆ. ಅದು ಬಿದ್ದ ಕಡೆ ಆಕಾಶ ತೆರೆದುಕೊಳ್ಳುತ್ತದೆ, ಬಿಸಿಲು ಇಳಿಯುತ್ತದೆ, ಹುಲ್ಲೂ ಯುಪಟೋರಿಯಂ ಕಳೆಯೂ ನುಗ್ಗುತ್ತವೆ, ಬೇಸಿಗೆಯಲ್ಲಿ ಅವು ಒಣಗಿ ನಿಲ್ಲುತ್ತವೆ. ಎರಡನೆಯ ಬೆಂಕಿಗೆ ಮೊದಲನೆಯದೇ ದಾರಿ ಮಾಡಿಕೊಟ್ಟಿರುತ್ತದೆ. ಅಮೆಜಾನಿನ ಮಳೆಕಾಡುಗಳಲ್ಲೂ ಸಂಶೋಧಕರು ಇದೇ ಸರಪಳಿಯನ್ನು ದಾಖಲಿಸಿದ್ದಾರೆ. ಉತ್ತರದ ಪೈನ್ ಕಾಡಿಗೆ ಬೆಂಕಿ ಹುಟ್ಟು. ಕಾನಿಗೆ ಅದು ಮರಳಿ ಬರಲಾಗದ ಸಾವು.

ಈ ಸೀಮೆಯಲ್ಲಿ ಹವೆ ಮತ್ತು ಬೆಂಕಿ ಕಾಡನ್ನು ರೂಪಿಸಿದ ಕಥೆ ಕಾರವಾರದ ಕಡಲ ತಳದಲ್ಲಿ ಸಿಕ್ಕಿದೆ. ಕರಾವಳಿಯಾಚೆ ಸಮುದ್ರದ ಕೆಸರನ್ನು ಕೊರೆದು ತೆಗೆದ ಮಾದರಿಗಳಲ್ಲಿ, ಘಟ್ಟದಿಂದ ಹೊಳೆಗಳು ಹೊತ್ತು ತಂದ ಪರಾಗರೇಣುಗಳನ್ನು ಫ್ರೆಂಚ್ ಮತ್ತು ಭಾರತೀಯ ವಿಜ್ಞಾನಿಗಳು ಎಣಿಸಿ, 1994ರಲ್ಲಿ ಫಲಿತಾಂಶ ಪ್ರಕಟಿಸಿದರು. ಸುಮಾರು 3500 ವರ್ಷಗಳ ಹಿಂದೆ ನಿತ್ಯಹರಿದ್ವರ್ಣ ಮರಗಳ ಪರಾಗ ಕಡಿಮೆಯಾಗಿ ಹುಲ್ಲುಗಾವಲಿನ ಪರಾಗ ಹೆಚ್ಚಿರುವುದು ಅದರಲ್ಲಿ ಕಾಣುತ್ತದೆ. ಅವರು ಇದನ್ನು ಮಳೆ ಕಡಿಮೆಯಾದ ಗುರುತಾಗಿ ಓದಿದರು. ಉತ್ತರ ಕನ್ನಡದ ಕಾಡುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಎಂ. ಡಿ. ಸುಭಾಶ್ಚಂದ್ರನ್ ಇದರ ಜೊತೆಗೆ ಮನುಷ್ಯನ ಕೈಯನ್ನೂ ಕಂಡರು: ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯ ಘಟ್ಟಕ್ಕೆ ಬಂದ ಕಾಲವೂ ಅದೇ ಎಂಬುದು ಅವರ ವಿವರಣೆ. ಹವೆ ಒಣಗಿಸಿದ್ದನ್ನು ಕೈ ಹಚ್ಚಿದ ಕಿಚ್ಚು ಮುಗಿಸಿತು ಎಂದು ಎರಡನ್ನೂ ಕೂಡಿಸಿ ಹೇಳುವುದೇ ಹೆಚ್ಚು ಸರಿಯಾದೀತು. ಕೆಸರಿನ ಪದರದಲ್ಲಿ ಈ ಎರಡು ಕಾರಣಗಳನ್ನು ಬಿಡಿಸಿ ನೋಡುವುದು ಸುಲಭವಲ್ಲ. ಧರ್ಮದ ಪ್ರಶ್ನೆಯೂ ಕಡೆಗೆ ಬಂದು ನಿಲ್ಲುವುದು ಇದೇ ಕಷ್ಟದ ಎದುರು.

ಆ ಬದಲಾವಣೆಯ ನಂತರವೂ ಕಾನುಗಳು ಉಳಿದವು. ಉಳಿದದ್ದು ದೇವರ ಹೆಸರಿನಲ್ಲಿ. ಸುಭಾಶ್ಚಂದ್ರನ್ ಮತ್ತು ಮಾಧವ ಗಾಡ್ಗೀಳ್ 1990ರ ದಶಕದ ಆರಂಭದ ತಮ್ಮ ಲೇಖನದಲ್ಲಿ ಕಾನುಗಳನ್ನು ಊರಿನ ರಕ್ಷಾಕಾಡುಗಳೆಂದು ಗುರುತಿಸಿದರು. ಸುತ್ತಲಿನ ನೆಲ ಕುಮರಿಗೆ, ಮೇವಿಗೆ, ಸೌದೆಗೆ ಬಳಕೆಯಾಗುತ್ತಿದ್ದಾಗಲೂ ಕಾನಿಗೆ ಕೊಡಲಿಯೂ ಬೆಂಕಿಯೂ ನಿಷಿದ್ಧವಾಗಿದ್ದವು. ಅಲ್ಲಿಂದ ಕಾಳುಮೆಣಸು, ಬೈನೆಯ ಉತ್ಪನ್ನ, ಔಷಧಿಯ ಬೇರು ಬರುತ್ತಿದ್ದವು, ಹಳ್ಳ ಬತ್ತುತ್ತಿರಲಿಲ್ಲ. 1801ರಲ್ಲಿ ಕೆನರಾ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡು ಆಯಾ ಊರಿನ ದೇವರ ಆಸ್ತಿಯೆಂದೂ ಪೂಜಾರಿಯೂ ಆಗಿರುವ ಊರಗೌಡನ ಮೂಲಕ ಅಪ್ಪಣೆ ಪಡೆಯದೆ ಮರ ಕಡಿಯಬಾರದೆಂದೂ ಜನ ನಂಬಿರುವುದನ್ನು ಬರೆದಿಟ್ಟ. ಸರಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯಲು ಹೂಡಿದ ಉಪಾಯವಿದು ಎಂದು ಅವನಿಗೆ ತೋರಿತು. ಅಪ್ಪಣೆ ಕೊಟ್ಟದ್ದಕ್ಕೆ ದೇವರಿಗೆ ಕಾಣಿಕೆಯೇನೂ ಸಲ್ಲುತ್ತಿರಲಿಲ್ಲ ಎಂಬುದನ್ನು ಅವನೇ ದಾಖಲಿಸಿದ್ದಾನೆ. ಲಾಭವಿಲ್ಲದ ಅಪ್ಪಣೆಯನ್ನು ಜನ ಪೀಳಿಗೆಯಿಂದ ಪೀಳಿಗೆಗೆ ಪಾಲಿಸಿದ್ದರೆ ಅದನ್ನು ಭಕ್ತಿ ಎನ್ನಬೇಕು. ಉಪಾಯ ಎಂಬ ಮಾತು ಅದಕ್ಕೆ ಸಾಲದು.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಆಡಳಿತ ಕುಮರಿಯನ್ನು ಕಾಡಿನ ದೊಡ್ಡ ಶತ್ರುವೆಂದು ಕಂಡು ಹಂತಹಂತವಾಗಿ ನಿರ್ಬಂಧಿಸಿತು. ಅದೇ ಆಡಳಿತ ಕಾನುಗಳನ್ನೂ ಮೀಸಲು ಅರಣ್ಯಕ್ಕೆ ಸೇರಿಸಿ ಊರಿನ ಹಿಡಿತದಿಂದ ತೆಗೆಯಿತು. ಅಡಿಕೆ ಬೆಳೆಗಾರರಿಗೆ ಮಾತ್ರ ಬೆಟ್ಟದ ಸವಲತ್ತು ಉಳಿಯಿತು: ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ. ಅಲ್ಲಿಂದ ಮಳೆಗಾಲಕ್ಕೆ ಹಸಿಸೊಪ್ಪು, ಬೇಸಿಗೆಗೆ ದರಕು, ಅಂದರೆ ಉದುರಿದ ಒಣ ಎಲೆ, ಬರುತ್ತದೆ. ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು ಗೊಬ್ಬರವಾಗಿ ತೋಟ ಸೇರುತ್ತದೆ. ಬೆಂಕಿಯ ದೃಷ್ಟಿಯಿಂದ ಈ ಏರ್ಪಾಡು ಗಮನಿಸಬೇಕಾದದ್ದು. ಬೆಟ್ಟಕ್ಕೆ ಕಿಚ್ಚು ಬಿದ್ದರೆ ಆ ವರ್ಷದ ಗೊಬ್ಬರವೇ ಹೋಯಿತು, ಆದ್ದರಿಂದ ಬೆಟ್ಟದವನು ಬೆಂಕಿಯ ವಿರೋಧಿ. ದರಕನ್ನು ಗುಡಿಸಿ ಒಯ್ದ ನೆಲದಲ್ಲಿ ಉರಿಯಲು ಏನೂ ಉಳಿಯದ್ದರಿಂದ ಬೆಟ್ಟ ತಾನಾಗಿ ಒಂದು ತಡೆಯೂ ಆಗುತ್ತದೆ. ಗುಡಿಸಿದ ನೆಲಕ್ಕೆ ಎಲೆಯ ಸಾರ ಮರಳುವುದಿಲ್ಲ, ಅತಿಯಾಗಿ ಸವರಿದ ಬೆಟ್ಟ ಬೋಳಾಗುತ್ತದೆ ಎಂಬುದೂ ನಿಜ. ಅನೇಕ ಬೆಟ್ಟಗಳ ಇಂದಿನ ಸ್ಥಿತಿಯೇ ಅದಕ್ಕೆ ಸಾಕ್ಷಿ.

ವೈದಿಕ ಆಚರಣೆಯಲ್ಲಿ ಬೆಂಕಿಯ ಮೊದಲ ಲಕ್ಷಣ ಅದಕ್ಕಿರುವ ಮೇರೆ. ಹೋಮಕುಂಡಕ್ಕೆ ಅಳತೆಯಿದೆ, ಸುತ್ತ ದರ್ಭೆಯ ಪರಿಸ್ತರಣವಿದೆ, ನೀರಿನ ಪರಿಷೇಚನವಿದೆ. ಕರೆದ ಅಗ್ನಿಯನ್ನು ಕೆಲಸ ಮುಗಿದ ಮೇಲೆ ವಿಸರ್ಜಿಸುವ ವಿಧಿಯೂ ಇದೆ. ಅವನಿಗೆ ಸಲ್ಲುವುದು ಅತ್ತಿ, ಅಶ್ವತ್ಥ, ಮುತ್ತುಗ, ಉತ್ತರಾಣಿ ಮುಂತಾದವುಗಳ ಎಣಿಸಿದ ಸಮಿತ್ತು. ಇಡೀ ಮರವನ್ನು ಯಾರೂ ಅವನಿಗೆ ಕೊಡುವುದಿಲ್ಲ. ಶಿರಸಿಯ ಮಾರಿಕಾಂಬಾ ಜಾತ್ರೆಯ ಕೊನೆಗೆ ಮಾತಂಗಿ ಚಪ್ಪರಕ್ಕೆ ಹಚ್ಚುವ ಬೆಂಕಿಗೂ ಜಾಗ, ಹೊತ್ತು, ಹಚ್ಚುವ ಹಕ್ಕು ಎಲ್ಲ ನಿಗದಿಯಾಗಿವೆ. ಮೇರೆಯೊಳಗಿನ ಅಗ್ನಿ ಹವ್ಯವನ್ನು ದೇವತೆಗಳಿಗೆ ಮುಟ್ಟಿಸುವವನು. ಮೇರೆ ದಾಟಿದ ಅಗ್ನಿಯ ಬಗ್ಗೆ ಪರಂಪರೆ ಏನು ಹೇಳುತ್ತದೆ ಎಂದು ಕೇಳಿದರೆ ಮಹಾಭಾರತದ ಖಾಂಡವದಹನದ ಎದುರು ನಿಲ್ಲಬೇಕಾಗುತ್ತದೆ.

ಆದಿಪರ್ವದ ಆ ಕಥೆಯಲ್ಲಿ ಶ್ವೇತಕಿ ರಾಜನ ದೀರ್ಘ ಯಜ್ಞದ ತುಪ್ಪ ಕುಡಿದು ಅಗ್ನಿಗೆ ಅಜೀರ್ಣವಾಗಿದೆ; ಖಾಂಡವವನವನ್ನು ತಿಂದರೆ ಗುಣವಾಗುತ್ತದೆ. ಗೆಳೆಯ ತಕ್ಷಕ ಅಲ್ಲಿರುವುದರಿಂದ ಇಂದ್ರ ಮಳೆ ಸುರಿಸಿ ತಡೆಯುತ್ತಾನೆ. ಬ್ರಾಹ್ಮಣ ವೇಷದಲ್ಲಿ ಬಂದ ಅಗ್ನಿಗೆ ಕೃಷ್ಣಾರ್ಜುನರು ಮಾತು ಕೊಟ್ಟು, ಎರಡು ಕಡೆ ರಥದಲ್ಲಿ ಸುತ್ತುತ್ತ, ತಪ್ಪಿಸಿಕೊಳ್ಳುವ ಪ್ರಾಣಿಗಳನ್ನು ಕಾಡಿಗೇ ಅಟ್ಟುತ್ತಾರೆ. ಬದುಕಿದವರು ಆರು ಮಂದಿ: ತಕ್ಷಕನ ಮಗ ಅಶ್ವಸೇನ, ದಾನವಶಿಲ್ಪಿ ಮಯ, ಮಂದಪಾಲ ಋಷಿಯ ಮಕ್ಕಳಾದ ನಾಲ್ಕು ಶಾರ್ಙ್ಗಕ ಹಕ್ಕಿಗಳು. ಇರಾವತಿ ಕರ್ವೆ ‘ಯುಗಾಂತ’ದಲ್ಲಿ ಈ ಪ್ರಸಂಗವನ್ನು ಹೊಸ ನೆಲ ಗಳಿಸಲು ಕಾಡನ್ನೂ ಅಲ್ಲಿನ ಜನರನ್ನೂ ನಿರ್ದಯವಾಗಿ ನಾಶಮಾಡಿದ ಘಟನೆಯಾಗಿ ಓದಿದರು. ಆ ಓದಿಗೆ ಬಲವಿದೆ. ಹಾಗೆಂದು ಮಹಾಭಾರತ ಈ ಬೆಂಕಿಯನ್ನು ಹೊಗಳಿ ಸುಮ್ಮನಾಗಿದೆ ಎನ್ನುವಂತಿಲ್ಲ. ಉಳಿದ ಮಯ ಕಟ್ಟಿದ ಸಭೆಯಲ್ಲೇ ದುರ್ಯೋಧನನಿಗೆ ಅವಮಾನವಾಗುತ್ತದೆ, ಅದು ದ್ಯೂತಕ್ಕೆ ಎಳೆಯುತ್ತದೆ. ಉಳಿದ ಅಶ್ವಸೇನ ಕರ್ಣನ ಬಾಣ ಹೊಕ್ಕು ಅರ್ಜುನನ ತಲೆಯನ್ನೇ ಅರಸಿ ಬರುತ್ತಾನೆ. ಸುಟ್ಟವರ ಮೇಲೆ ತೀರ್ಪು ಬರೆಯದೆ, ಸುಟ್ಟದ್ದು ಮುಗಿಯಲಿಲ್ಲ ಎಂಬುದನ್ನು ಕಾವ್ಯ ತೋರಿಸುತ್ತದೆ. ತಾಯಿ ಜರಿತೆ ಮರಿಗಳನ್ನು ಬಿಟ್ಟು ಹಾರಲಾರದೆ ಒದ್ದಾಡುವ ಭಾಗವನ್ನು ಅಷ್ಟು ವಿಸ್ತಾರವಾಗಿ ಹೇಳಿದ ಕವಿ ಆ ಕಾಡಿನ ಕಡೆಗೂ ನಿಂತಿದ್ದ.

ನೇರವಾದ ತೀರ್ಪು ಬೇಕಾದರೆ ಜೈನ ಚಿಂತನೆಗೆ ಹೋಗಬೇಕು. ಶಿರಸಿ ತಾಲೂಕಿನ ಸೋಂದೆಯಲ್ಲಿ ಸ್ವರ್ಣವಲ್ಲಿಯ ಅದ್ವೈತ ಮಠ, ವಾದಿರಾಜರ ಮಾಧ್ವ ಮಠಗಳ ನೆರೆಯಲ್ಲೇ ದಿಗಂಬರ ಜೈನಮಠವೂ ಇರುವುದರಿಂದ ಆ ಚಿಂತನೆ ಈ ಸೀಮೆಗೆ ಹೊರಗಿನದಲ್ಲ. ಜೈನರ ಎಣಿಕೆಯಲ್ಲಿ ಮಣ್ಣು, ನೀರು, ಗಾಳಿ, ಗಿಡಗಳಂತೆ ಬೆಂಕಿಗೂ ಜೀವವಿದೆ. ಆರಿಸುವುದೂ ಒಂದು ಹಿಂಸೆ. ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿ ಕಾಲೋದಾಯಿ ಎಂಬವನು ಮಹಾವೀರನನ್ನು ಕೇಳುತ್ತಾನೆ: ಒಬ್ಬ ಬೆಂಕಿ ಹಚ್ಚುತ್ತಾನೆ, ಇನ್ನೊಬ್ಬ ಆರಿಸುತ್ತಾನೆ, ಹೆಚ್ಚಿನ ಕರ್ಮ ಯಾರಿಗೆ? ಹಚ್ಚಿದವನಿಗೇ ಎಂಬುದು ಉತ್ತರ. ಆರಿಸಿದವನಿಂದ ಅಗ್ನಿಜೀವಗಳು ಹೆಚ್ಚು ಸಾಯುತ್ತವೆ, ಹಚ್ಚಿದವನಿಂದ ಮಣ್ಣಿನ, ನೀರಿನ, ಗಾಳಿಯ, ಸಸ್ಯದ, ಚಲಿಸುವ ಪ್ರಾಣಿಗಳ ಜೀವ ಹೆಚ್ಚು ಹೋಗುತ್ತದೆ. ಇಲ್ಲಿ ಬೆಂಕಿಯನ್ನು ಕೆಟ್ಟದ್ದೆಂದು ಕರೆದಿಲ್ಲ, ಆರಿಸುವವನನ್ನು ನಿರ್ದೋಷಿ ಎಂದಿಲ್ಲ. ಏನೇನು ಸತ್ತಿತು ಎಂದು ನೋಡಿ ಅಳೆದಿದೆ. ಕಾಡಿನ ಬೆಂಕಿಯ ಬಗ್ಗೆ ಇದಕ್ಕಿಂತ ನ್ಯಾಯವಾದ ಅಳತೆ ಸಿಗುವುದು ಕಷ್ಟ.

ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ನಿಷಿದ್ಧವಾದ ಹದಿನೈದು ಕಸುಬುಗಳಲ್ಲಿ ಕಾಡಿಗೆ ಬೆಂಕಿ ಕೊಡುವುದೂ ಒಂದು. ಹನ್ನೆರಡನೆಯ ಶತಮಾನದ ಹೇಮಚಂದ್ರ ತನ್ನ ಯೋಗಶಾಸ್ತ್ರದಲ್ಲಿ ಅದನ್ನು ಎರಡಾಗಿ ಒಡೆಯುತ್ತಾನೆ: ರೂಢಿಯಿಂದ ಹಚ್ಚುವುದು, ಪುಣ್ಯ ಬರುತ್ತದೆಂದು ಹಚ್ಚುವುದು. ದನಗಳಿಗೆ ಹೊಸ ಹುಲ್ಲು ಬರಲೆಂದು ಹಚ್ಚುವ ಬೆಂಕಿಯೂ ಈ ಎರಡನೆಯ ಗುಂಪಿಗೆ ಸೇರಿದ್ದು. ಬ್ಯಾಣಕ್ಕೆ ಕಿಚ್ಚು ಹಚ್ಚುವವನ ಮನಸ್ಸಿನಲ್ಲಿ ಇಂದಿಗೂ ಇರುವುದು ದನದ ಹಿತವೇ. ಆ ಹಿತಬುದ್ಧಿ ಸುಳ್ಳಲ್ಲ. ಕಿಚ್ಚು ಬ್ಯಾಣದ ಅಂಚಿನಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ಮಾತ್ರ ಸುಳ್ಳಾಗುತ್ತದೆ.

ಎಲ್ಲ ಬೆಂಕಿಯನ್ನೂ ಒಂದೇ ನಿಷೇಧದಲ್ಲಿ ಕಟ್ಟುವುದು ತಪ್ಪೆಂದು ತೋರಿಸುವುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಅನುಭವ. ಚಳಿಗಾಲ ಮುಗಿಯುವ ಹೊತ್ತಿಗೆ, ನೆಲ ಪೂರ್ತಿ ಒಣಗುವ ಮುಂಚೆ, ಅವರು ತರಗು ಬೆಂಕಿ ಹಚ್ಚುತ್ತಿದ್ದರು: ಉದುರಿದ ಎಲೆಯಷ್ಟೇ ಉರಿದು ಆರುವ, ಮರ ಏರದ ಬೆಂಕಿ. 1970ರ ದಶಕದಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿ ಮರಗಳಲ್ಲಿ ಬಂದಳಿಕೆ ಹೆಚ್ಚಿತು, ಬಿದ್ದ ಬೆಂಕಿ ಮೊದಲಿಗಿಂತ ಉಗ್ರವಾಯಿತು ಎಂಬುದು ಸೋಲಿಗರ ಮಾತು. ಅಲ್ಲಿ ಕೆಲಸ ಮಾಡಿದ ಸಂಶೋಧಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಬಿಳಿಗಿರಿಯದು ಬಹುಪಾಲು ಎಲೆಯುದುರುವ, ದಪ್ಪ ತೊಗಟೆಯ ಕಾಡು. ಅಲ್ಲಿನ ವಿವೇಕವನ್ನು ಕತ್ತಲೆಕಾನಿಗೆ ತಂದರೆ ಅನಾಹುತ. ಕತ್ತಲೆಕಾನಿನ ನಿಷೇಧವನ್ನು ಅಲ್ಲಿಗೆ ಒಯ್ದದ್ದೂ ಒಳ್ಳೆಯದು ಮಾಡಲಿಲ್ಲ. ಎರಡು ಕಡೆಯ ಜನರೂ ತಮ್ಮ ಕಾಡನ್ನು ದೈವಗಳ ನೆಲೆಯೆಂದೇ ಪೂಜಿಸಿದವರು. ಭಕ್ತಿ ಒಂದೇ ಆಗಿದ್ದೂ ಬೆಂಕಿಯ ವಿಧಿ ಬೇರೆಯಾದದ್ದು ಕಾಡು ಬೇರೆಯಾದದ್ದರಿಂದ.

ಇಲ್ಲಿಯವರೆಗಿನ ಎಲ್ಲ ವಿಚಾರದಲ್ಲೂ ಒಬ್ಬ ಹಚ್ಚಿದವನಿದ್ದಾನೆ. ಹವಾಮಾನ ಬದಲಾವಣೆ ಆ ಆಧಾರವನ್ನೇ ಅಲುಗಿಸಿದೆ. 2023ರಲ್ಲಿ ಕೆನಡಾದಲ್ಲಿ ಸುಟ್ಟದ್ದು ಒಂದೂವರೆ ಕೋಟಿ ಹೆಕ್ಟೇರ್ ಅಥವಾ ಅದಕ್ಕೂ ಹೆಚ್ಚು. ಬಹುಪಾಲು ನೆಲ ಸುಟ್ಟದ್ದು ಸಿಡಿಲಿನ ಕಿಡಿಗೆ. ಆದರೆ ಆ ವರ್ಷ ಕ್ವಿಬೆಕ್‌ನಲ್ಲಿ ಬೆಂಕಿಗೆ ಅಷ್ಟು ಅನುಕೂಲವಾದ ಹವೆ ಬರುವ ಸಂಭವವನ್ನು ಮನುಷ್ಯಕೃತ ತಾಪಮಾನ ಏರಿಕೆ ಎರಡು ಪಟ್ಟಿಗೂ ಮಿಕ್ಕಿ ಹೆಚ್ಚಿಸಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಬೆಂಕಿಗೆ ಒಗ್ಗಿದ ಆ ಕಾಡೂ ಈಗ ತಡೆದುಕೊಳ್ಳಲಾರದಾಗಿದೆ. ಮರ ಕಾಯಿ ಕಟ್ಟುವ ವಯಸ್ಸಿಗೆ ಬರುವ ಮೊದಲೇ ಮತ್ತೆ ಕಿಚ್ಚು ಬಂದರೆ ಬಿತ್ತಲು ಬೀಜವಿಲ್ಲ. ಒಣಗಿದ ಪಾಚಿಯ ದಪ್ಪ ಪದರ ಆಳಕ್ಕೆ ಸುಟ್ಟ ಕಡೆ ಸ್ಪ್ರೂಸ್ ಹೋಗಿ ಬರ್ಚ್, ಆಸ್ಪೆನ್ ಬರುತ್ತಿರುವುದನ್ನು ಅಲಾಸ್ಕಾದಲ್ಲಿ ಕಂಡಿದ್ದಾರೆ. ಶತಮಾನಗಳಿಂದ ನೆಲದಲ್ಲಿ ಕೂಡಿದ್ದ ಇಂಗಾಲ ಗಾಳಿಗೆ ಸೇರಿ ತಾಪವನ್ನು ಮತ್ತೆ ಏರಿಸುತ್ತದೆ. ತನ್ನ ಹವೆಯ ಮೇರೆಯಂಚಿನಲ್ಲಿ ನಿಂತಿರುವ ಕಾನಿಗೂ ಇದೇ ಅಪಾಯ: ಒಂದು ಮುಂಗಾರು ತಡವಾದರೆ, ಒಂದು ಬೇಸಿಗೆ ಹೆಚ್ಚು ಕಾದರೆ, ಎಂದೂ ಉರಿಯದಿದ್ದ ಎಲೆಹಾಸು ಉರಿಯುವಂತಾಗುತ್ತದೆ. ಇಲ್ಲಿ ಕಿಡಿ ಬಹುತೇಕ ಯಾವಾಗಲೂ ಮನುಷ್ಯನ ಕೈಯದೇ. ಆ ಕಿಡಿ ಕಾನಿನೊಳಗೆ ಹೋಗುವಂತೆ ಮಾಡುವ ಒಣಗು ಮಾತ್ರ ಬಹುದೂರದ ಕೈಗಳದ್ದು.

ಒಣಗಿಸಿದವನಿಗೆ ಕರ್ಮವಿದೆಯೇ? ಕಾಲೋದಾಯಿ ಇದನ್ನು ಕೇಳಲಿಲ್ಲ. ಆದರೆ ಉತ್ತರಕ್ಕೆ ಬೇಕಾದ ಸಾಧನ ದಿಗಂಬರರೂ ಶ್ವೇತಾಂಬರರೂ ಒಪ್ಪುವ ತತ್ತ್ವಾರ್ಥಸೂತ್ರದಲ್ಲಿದೆ. ಕರ್ಮ ಮೂರು ಬಗೆಯಲ್ಲಿ ಅಂಟುತ್ತದೆ: ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆ ಕೊಟ್ಟದ್ದು. ಕಲ್ಲಿದ್ದಲು ಸುಡುವವನ ಜೊತೆ ಅದರಿಂದ ಬಂದ ಸುಖಕ್ಕೆ ಒಪ್ಪಿಗೆ ಕೊಟ್ಟವನೂ ಈ ಎಣಿಕೆಗೆ ಬರುತ್ತಾನೆ, ಅವರವರ ಪಾಲಿನಷ್ಟು. ಕಾಡು ಸುಡಬೇಕೆಂಬ ಉದ್ದೇಶ ಅವರಲ್ಲಿ ಇರಲಿಲ್ಲವಲ್ಲ ಎಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಅದೇ ಸೂತ್ರಗ್ರಂಥ ಹಿಂಸೆಯನ್ನು ಹೇಳುವಾಗ ದ್ವೇಷವನ್ನು ಹೆಸರಿಸುವುದಿಲ್ಲ; ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣ ಹೋಗುವಂತೆ ಮಾಡುವುದೇ ಹಿಂಸೆ ಎನ್ನುತ್ತದೆ. ತಿಳಿಯದೆ ನಡೆದ ಕಾಲದ ಹೊಗೆಗೆ ಈ ಮಾತು ಅನ್ವಯಿಸುವುದು ಕಷ್ಟ. ಪರಿಣಾಮ ಗೊತ್ತಾದ ಮೇಲಿನ ಹೊಗೆಗೆ ಅನ್ವಯಿಸದೆ ಇರುವುದು ಅದಕ್ಕಿಂತ ಕಷ್ಟ. ಫೆಬ್ರುವರಿಯ ಮಧ್ಯಾಹ್ನ ಬ್ಯಾಣಕ್ಕೆ ಕಿಚ್ಚು ಹಚ್ಚಿ ಕಾಯದೆ ಮನೆಗೆ ಹೋಗುವವನ ಪ್ರಮಾದವೂ, ಉರಿಸಿದ್ದೆಲ್ಲ ಎಲ್ಲಿಗೆ ಹೋಗುತ್ತದೆಂದು ತಿಳಿದೂ ಉರಿಸುತ್ತಿರುವ ದೇಶಗಳ ಪ್ರಮಾದವೂ ಒಂದೇ ಜಾತಿಯವು; ಗಾತ್ರದಲ್ಲಿ ಮಾತ್ರ ಅಜಗಜಾಂತರ. ಮೊದಲನೆಯವನಿಗೆ ಊರು ಬುದ್ಧಿ ಹೇಳಬಲ್ಲದು, ಚೌಡಿಯ ಭಯವೂ ಇದೆ. ಎರಡನೆಯವರ ಮೇಲೆ ಅಂಥ ಅಧಿಕಾರವಿರುವ ಊರಾಗಲಿ ದೈವವಾಗಲಿ ಇನ್ನೂ ನೆಲೆಗೊಂಡಿಲ್ಲ.